ನಗೆಗನ್ನಡಿ ಹಿಡಿದ ವೈದ್ಯರು: ಡಾಕ್ಟರ್ ಎಂ. ಶಿವರಾಂ

ಮನುಷ್ಯನು ದೂರದ ನಕ್ಷತ್ರಗಳ ಗತಿಯನ್ನು ಗಣಿಸಬಲ್ಲನು. ನೆರೆಮನೆಯವರ ನಡೆನುಡಿಗಳ ದೋಷವನ್ನು ಬೆರಳು ಮಡಿಸಿ ಎಣಿಸಬಲ್ಲನು. ಆದರೆ ತನ್ನ ಕಣ್ಣು ತನಗೆ ಕಾಣದಿರುವಂತೆಯೇ ತನ್ನ ಮನಸ್ಸು ತನಗೆ ಸುಲಭವಾಗಿ ಕಾಣದು. ಕಣ್ಣನ್ನು ಕಾಣಬೇಕಾದರೆ ಕನ್ನಡಿ ಬೇಕು. ಮನಸ್ಸನ್ನು ಕಾಣಬೇಕಾದರೆ ಏನು ಬೇಕು? ತತ್ತ್ವಜ್ಞಾನಿಗಳೂ ವೈದ್ಯರೂ ಬಹುಕಾಲದಿಂದ ಈ ಪ್ರಶ್ನೆಯನ್ನು ಕೇಳುತ್ತ ಬಂದಿದ್ದಾರೆ. ನಮ್ಮ ಕನ್ನಡನಾಡಿನಲ್ಲಿ ಒಬ್ಬ ವೈದ್ಯರು ಇಪ್ಪತ್ತೈದು ವರ್ಷಗಳ ಕಾಲ ಜನರನ್ನು ನಗಿಸುವ ಪತ್ರಿಕೆಯನ್ನು ನಡೆಸಿದರು; ಮನಸ್ಸಿನ ವ್ಯಾಪಾರವನ್ನು ಕುರಿತು ಕನ್ನಡದಲ್ಲಿ ಗ್ರಂಥವನ್ನೂ ರಚಿಸಿದರು. ಮೇಲುನೋಟಕ್ಕೆ ಇವೆರಡೂ ಬೇರೆ ಬೇರೆ ಕಾರ್ಯಗಳು. ಆದರೆ ವಿಚಾರಮಾಡಿದರೆ ಎರಡೂ ಒಂದೇ ಎಂದು ನಮಗೆ ತೋರುತ್ತದೆ. ಆ ವೈದ್ಯರೇ ಡಾಕ್ಟರ್ ಎಂ. ಶಿವರಾಂ, ‘ರಾಶಿ’ ಎಂಬ ಎರಡಕ್ಷರದ ಕಾವ್ಯನಾಮದಿಂದ ಪ್ರಸಿದ್ಧರಾದವರು.

ಶಿವರಾಂ ಅವರು ಜನಿಸಿದ್ದು ೧೯೦೫ರಲ್ಲಿ. ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ದವಾಖಾನೆಯನ್ನು ನಡೆಸಿದರು. ಮೆಜೆಸ್ಟಿಕ್ ಎಂದರೆ ರೈಲುನಿಲ್ದಾಣದ ಹತ್ತಿರದ ಸ್ಥಳ. ನಾಟಕ, ಸಿನಿಮಾ, ಹೋಟೆಲುಗಳ ಸ್ಥಳ. ಊರು ಬಿಟ್ಟು ನಗರಕ್ಕೆ ಬಂದವನು ಮೊದಲು ಕಾಲಿಡುವ ಸ್ಥಳ. ಅಂತಹ ಕಡೆ ಕುಳಿತ ವೈದ್ಯನಿಗೆ ನಾಡಿನ ಎಲ್ಲ ಬಗೆಯ ಜನರೂ ಕಾಣಸಿಗುತ್ತಾರೆ. ರೋಗಿಯ ನಾಡಿ ಹಿಡಿದ ಯಾವ ವೈದ್ಯನಿಗಾದರೂ ಒಂದು ಸತ್ಯ ಬೇಗನೆ ತಿಳಿಯುತ್ತದೆ. ಹೊಟ್ಟೆನೋವೆಂದು ಬಂದವನ ಹೊಟ್ಟೆಯಲ್ಲಿ ದೋಷವಿರುವುದಿಲ್ಲ, ಸಾಲದ ಚಿಂತೆಯಿರುತ್ತದೆ. ತಲೆನೋವೆಂದು ಬಂದವಳ ತಲೆಯಲ್ಲಿ ಕಾಯಿಲೆಯಿರುವುದಿಲ್ಲ, ಯಾರೊಡನೆಯೂ ಹೇಳಿಕೊಳ್ಳಲಾಗದ ದುಃಖವಿರುತ್ತದೆ. ಔಷಧದ ಸೀಸೆ ಅಂತಹವರಿಗೆ ಅರ್ಧ ಚಿಕಿತ್ಸೆ ಮಾತ್ರ.

೧೯೪೨ನೆಯ ಇಸವಿಯಲ್ಲಿ ಶಿವರಾಂ ಅವರು ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ಆ ವರ್ಷ ಎಂತಹದೆಂಬುದನ್ನು ನೀವು ಚರಿತ್ರೆಯ ಪಾಠದಲ್ಲಿ ಓದಿದ್ದೀರಿ. ಜಗತ್ತು ಎರಡನೆಯ ಮಹಾಯುದ್ಧದ ಬೆಂಕಿಯಲ್ಲಿ ಬೇಯುತ್ತಿತ್ತು. ಭಾರತದಲ್ಲಿ ‘ಕ್ವಿಟ್ ಇಂಡಿಯಾ’ ಚಳವಳಿ ಹೊತ್ತಿಕೊಂಡಿತ್ತು. ಅಂತಹ ಕಾಲದಲ್ಲಿ ನಗೆಯ ಪತ್ರಿಕೆಯೇ ಎಂದು ಕೇಳುವವರು ಕೇಳಬಹುದು. ಆದರೆ ನಗು ಅತ್ಯಗತ್ಯವಾಗುವುದು ಕಷ್ಟಕಾಲದಲ್ಲಿಯೇ. ಪತ್ರಿಕೆಯ ಹೆಸರೂ ಅರ್ಥವತ್ತಾದುದು. ಕೊರವಂಜಿಯೆಂದರೆ ಬುಟ್ಟಿ ಹೊತ್ತು ಮನೆಮನೆಗೆ ಬಂದು ಕಣಿ ಹೇಳುವವಳು. ಆಕೆ ಕೈಹಿಡಿದು ನೋಡಿ, ಮುಖವನ್ನು ನೋಡಿ, ಮನಸ್ಸಿನಲ್ಲಿ ಅಡಗಿದ್ದನ್ನು ಅಂಜದೆ ಆಡಿಬಿಡುತ್ತಾಳೆ. ಶಿವರಾಂ ಅವರ ಕೊರವಂಜಿಯೂ ಕನ್ನಡಿಗರ ಕೈಹಿಡಿದು ಅವರ ಮನೆಯ, ಕಚೇರಿಯ, ಸಭೆಯ ಗುಟ್ಟುಗಳನ್ನು ಅವರಿಗೇ ಹೇಳಿದಳು.

ಕೊರವಂಜಿಯ ಬಳಗ ದೊಡ್ಡದು. ಮುಂದೆ ‘ಸಾಮಾನ್ಯ ಮನುಷ್ಯ’ನ ಚಿತ್ರಗಳಿಂದ ಭಾರತದಾದ್ಯಂತ ಹೆಸರಾದ ಆರ್. ಕೆ. ಲಕ್ಷ್ಮಣ್ ಅವರು ತಾರುಣ್ಯದಲ್ಲಿ ಈ ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ಬರೆದರು. ಶಿವರಾಂ ಅವರು ಆ ತರುಣನಿಗೆ ಪ್ರೋತ್ಸಾಹವಿತ್ತರು. ಟಿ. ಸುನಂದಮ್ಮನವರು ಗೃಹಿಣಿಯ ಕಣ್ಣಿನಿಂದ ಸಂಸಾರವನ್ನು ನೋಡಿ ನಕ್ಕು, ಕನ್ನಡದಲ್ಲಿ ಮಹಿಳೆಯರ ಹಾಸ್ಯಸಾಹಿತ್ಯಕ್ಕೆ ದಾರಿ ಮಾಡಿದರು. ನಾ. ಕಸ್ತೂರಿಯವರಂತೂ ಮಲೆಯಾಳ ಮಾತಿನ ಮನೆಯಲ್ಲಿ ಹುಟ್ಟಿ, ಮೈಸೂರಿಗೆ ಬಂದು, ಕನ್ನಡವನ್ನು ಕಲಿತು, ಕನ್ನಡಿಗರನ್ನೇ ಕನ್ನಡದಲ್ಲಿ ನಗಿಸಿದವರು. ಪರಭಾಷೆಯ ಊರಿನಲ್ಲಿ ಬಾಳುವ ನಾವೂ ನೀವೂ ಆ ಹೆಸರನ್ನು ನೆನಪಿಡಬೇಕು. ಇಂತಹವರನ್ನು ಕೂಡಿಸಿಕೊಂಡು ಕೊರವಂಜಿ ೧೯೬೭ರವರೆಗೆ ನಡೆಯಿತು.

ವಿದ್ಯಾರ್ಥಿಮಿತ್ರರೇ, ನಗುವಿನಲ್ಲಿ ಎರಡು ಬಗೆಯುಂಟು. ಎಡವಿ ಬಿದ್ದವನನ್ನು ಕಂಡು ನಗುವುದು ಒಂದು ಬಗೆ. ತಾನೇ ಎಡವಿ ಬಿದ್ದು, ಮೈದೂಳನ್ನು ಕೊಡವಿಕೊಂಡು ನಗುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಬುದ್ಧಿ ಬೇಕಾಗಿಲ್ಲ. ಎರಡನೆಯದಕ್ಕೆ ಮನುಷ್ಯನು ತನ್ನಿಂದ ತಾನು ಒಂದು ಹೆಜ್ಜೆ ಹೊರಗೆ ಬಂದು ನಿಂತು, ಬಿದ್ದ ತನ್ನನ್ನು ನಿಂತ ತಾನು ನೋಡಬೇಕು. ಕೋಪದಲ್ಲಿ ಮುಳುಗಿದವನಿಗೆ ತಾನು ಕೋಪಗೊಂಡಿರುವೆನೆಂಬ ಅರಿವಿರುವುದಿಲ್ಲ. ಆ ಅರಿವು ಮೂಡಿದ ಕ್ಷಣವೇ ಕೋಪ ಅರ್ಧ ಇಳಿದಿರುತ್ತದೆ. ಒಳ್ಳೆಯ ಹಾಸ್ಯವು ಓದುಗನಿಗೆ ಮಾಡಿಕೊಡುವ ಉಪಕಾರ ಇದೇ. ಕಥೆಯ ಜಿಪುಣನನ್ನು ಕಂಡು ನಗುತ್ತ ನಗುತ್ತ, ಆ ಜಿಪುಣನು ತಾನೇ ಅಲ್ಲವೇ ಎಂದು ಅವನು ಥಟ್ಟನೆ ಗುರುತಿಸುತ್ತಾನೆ.

ನಮ್ಮ ಹಿರಿಯರು ಈ ಸ್ಥಿತಿಯನ್ನು ‘ಸಾಕ್ಷಿ’ ಎಂದು ಕರೆದರು. ಒಂದೇ ಮರದ ಮೇಲೆ ಎರಡು ಹಕ್ಕಿಗಳು ಕುಳಿತಿವೆ, ಒಂದು ಹಣ್ಣನ್ನು ತಿನ್ನುತ್ತಿದೆ, ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತಿದೆ ಎಂಬ ಉಪಮೆ ಮುಂಡಕೋಪನಿಷತ್ತಿನಲ್ಲಿ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ‘ಅರಿವು’ ಎಂಬ ಅಚ್ಚಗನ್ನಡದ ಮಾತಿಗೆ ಗುರುವಿನ ಪದವಿಯನ್ನಿತ್ತರು. ಆ ಕಲ್ಯಾಣವು ಇಂದು ಬೀದರ ಜಿಲ್ಲೆಯ ಬಸವಕಲ್ಯಾಣ. ನಮ್ಮ ಹೈದರಾಬಾದಿಗೆ ಬಹು ದೂರವೇನೂ ಅಲ್ಲ. ಗ್ರೀಸ್ ದೇಶದಲ್ಲಿ ಸಾಕ್ರೆಟೀಸನು ಬೀದಿಬೀದಿಗಳಲ್ಲಿ ನಿಂತು, ಎಲ್ಲ ತಿಳಿದವರೆಂದು ಬೀಗುತ್ತಿದ್ದವರಿಗೆ ಪ್ರಶ್ನೆ ಕೇಳಿ ಕೇಳಿ ಅವರ ಅಜ್ಞಾನವನ್ನು ಅವರಿಗೇ ತೋರಿಸಿದನು. ಕ್ರಿಸ್ತಪೂರ್ವ ೩೯೯ರಲ್ಲಿ ವಿಷದ ಬಟ್ಟಲನ್ನು ಕುಡಿದನು.

ತತ್ತ್ವಜ್ಞಾನಿಗಳು ಹೇಳಿದ ಈ ಮಾತನ್ನು ಚಿಕಿತ್ಸೆಯ ಕೋಣೆಗೆ ತಂದವರು ಇತ್ತೀಚಿನ ವೈದ್ಯರು. ವಿಯೆನ್ನಾ ನಗರದ ಸಿಗ್ಮಂಡ್ ಫ್ರಾಯ್ಡ್ ಅವರು ೧೮೯೭ರ ಹೊತ್ತಿಗೆ ತಮ್ಮ ಕನಸುಗಳನ್ನೇ ಪರೀಕ್ಷಿಸಿ ತಮ್ಮ ಮನಸ್ಸನ್ನು ತಾವೇ ಶೋಧಿಸತೊಡಗಿದರು. ಅದೇ ವಿಯೆನ್ನಾದಲ್ಲಿ ನಮ್ಮ ಶಿವರಾಂ ಅವರು ಹುಟ್ಟಿದ ೧೯೦೫ರಲ್ಲಿಯೇ ವಿಕ್ಟರ್ ಫ್ರಾಂಕ್ಲ್ ಎಂಬವರು ಹುಟ್ಟಿದರು. ಅವರೂ ಮನೋವೈದ್ಯರಾದರು. ಇಲ್ಲಿ ಕೊರವಂಜಿ ಹೊರಟ ೧೯೪೨ರಲ್ಲಿಯೇ ನಾಜಿಗಳು ಫ್ರಾಂಕ್ಲ್ ಅವರನ್ನು ಸೆರೆಶಿಬಿರಕ್ಕೆ ಸಾಗಿಸಿದರು. ಅವರ ತಂದೆತಾಯಿಗಳೂ ಸೋದರನೂ ಪತ್ನಿಯೂ ಶಿಬಿರಗಳಲ್ಲಿ ಮಡಿದರು. ಆ ನರಕದಲ್ಲಿಯೂ ಫ್ರಾಂಕ್ಲ್ ಅವರು ತಮ್ಮೊಡನೆ ದುಡಿಯುತ್ತಿದ್ದ ಬಂದಿಯೊಬ್ಬನಿಗೆ ದಿನಕ್ಕೊಂದು ನಗೆಯ ಕಥೆಯನ್ನಾದರೂ ಕಟ್ಟಬೇಕೆಂದು ಸೂಚಿಸಿದರಂತೆ. ದುಃಖದಿಂದ ಒಂದು ಮೊಳ ದೂರ ನಿಲ್ಲುವ ಶಕ್ತಿಯನ್ನು ನಗು ಕೊಡುತ್ತದೆಂಬುದು ಅವರ ಅನುಭವ. ೧೯೪೫ರಲ್ಲಿ ಬಿಡುಗಡೆಯಾದ ಮೇಲೆ ಅವರು ಅದನ್ನು ಲೋಕಕ್ಕೆ ತಿಳಿಸಿದರು.

ಫ್ರಾಂಕ್ಲ್ ಅವರ ಚಿಕಿತ್ಸಾಕ್ರಮದ ಒಂದು ಉದಾಹರಣೆ ನಿಮಗೆ ಉಪಯುಕ್ತವಾದೀತು. ಒಬ್ಬ ತರುಣ ವೈದ್ಯನಿಗೆ ನಾಲ್ಕು ಜನರ ಮುಂದೆ ಬೆವರುವೆನೆಂಬ ಭಯವಿತ್ತು. ಭಯಪಟ್ಟಷ್ಟೂ ಬೆವರು ಹೆಚ್ಚುತ್ತಿತ್ತು. ಬೆವರನ್ನು ತಡೆಯಬೇಡ, ಎಷ್ಟು ಬೆವರಬಲ್ಲೆಯೆಂಬುದನ್ನು ಜನರಿಗೆ ತೋರಿಸಿಬಿಡು ಎಂದು ಫ್ರಾಂಕ್ಲ್ ಅವರು ಬುದ್ಧಿವಾದ ಹೇಳಿದರು. ಅವನು ಹಾಗೆಯೇ ಸಂಕಲ್ಪಮಾಡಿದನು. ತನ್ನ ಭಯ ತನಗೇ ನಗೆಯ ವಸ್ತುವಾಯಿತು. ನಾಲ್ಕು ವರ್ಷಗಳ ಭಯ ಒಂದು ವಾರದೊಳಗೆ ಓಡಿಹೋಯಿತು.

೧೯೬೦ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಅವರು ಇನ್ನೊಂದು ಮಾರ್ಗವನ್ನು ತೋರಿದರು. ದುಃಖಿಯ ಮನಸ್ಸಿನಲ್ಲಿ ಕೆಲವು ಯೋಚನೆಗಳು ಅವನಿಗೂ ತಿಳಿಯದಂತೆ ಮಿಂಚಿನಂತೆ ಸುಳಿದುಹೋಗುತ್ತವೆ. ಗಣಿತದಲ್ಲಿ ಒಮ್ಮೆ ಅಂಕ ಕಡಮೆ ಬಂದರೆ ‘ನಾನು ಯಾವುದಕ್ಕೂ ಬಾರದವನು’ ಎಂಬ ಯೋಚನೆ ಹುಟ್ಟುವುದು ಹೀಗೆಯೇ. ಅದನ್ನು ಹಿಡಿದು ಕಾಗದದ ಮೇಲೆ ಬರೆದು, ಇದಕ್ಕೆ ಆಧಾರವೇನು, ವಿರುದ್ಧವಾದ ಸಾಕ್ಷ್ಯವೇನು ಎಂದು ನ್ಯಾಯಾಧೀಶನಂತೆ ವಿಚಾರಿಸಬೇಕು. ಒಂದು ಪ್ರಶ್ನಪತ್ರಿಕೆ ಕೆಟ್ಟಿತೆಂಬುದು ನಿಜ; ಬಾಳು ಕೆಟ್ಟಿತೆಂಬುದು ನಿಜವಲ್ಲ. ಈ ಎರಡರ ನಡುವಿನ ಅಂತರವನ್ನು ಕಾಣುವುದೇ ಆತ್ಮಜಾಗೃತಿ. ಒಂದೇ ಚಿಂತೆಯನ್ನು ರಾತ್ರಿಯಿಡೀ ಮೆಲುಕುಹಾಕುವುದು ಆತ್ಮಜಾಗೃತಿಯಲ್ಲ. ಅದು ಗಾಣದ ಎತ್ತಿನ ಸುತ್ತಾಟ.

ಶಿವರಾಂ ಅವರು ಮನಸ್ಸಿನ ಶಾಸ್ತ್ರವನ್ನು ಕನ್ನಡಕ್ಕೆ ತಂದ ಗ್ರಂಥದ ಹೆಸರು ‘ಮನಮಂಥನ’. ೧೯೭೬ರಲ್ಲಿ, ಅವರು ಎಪ್ಪತ್ತನ್ನು ದಾಟಿದ್ದಾಗ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕಥೆ ಕಾದಂಬರಿಗಳಿಗೆ, ಕಾವ್ಯಕ್ಕೆ, ವಿಮರ್ಶೆಗೆ ಸಲ್ಲುತ್ತಿದ್ದ ಆ ಗೌರವವು ಮನೋವೈದ್ಯದ ಗ್ರಂಥಕ್ಕೆ ಸಂದುದು ವಿಶೇಷ. ಮಂಥನವೆಂದೊಡನೆ ನಮಗೆ ಕ್ಷೀರಸಮುದ್ರದ ಕಥೆ ನೆನಪಾಗುತ್ತದೆ. ಕಡಲನ್ನು ಕಡೆದಾಗ ಅಮೃತಕ್ಕಿಂತ ಮೊದಲು ಬಂದುದು ಹಾಲಾಹಲ. ಮನಸ್ಸನ್ನು ಕಡೆದವರಿಗೂ ಮೊದಲು ಮೇಲೇಳುವುದು ಅಸೂಯೆ, ಅಂಜಿಕೆ, ಹಳೆಯ ಅವಮಾನ ಮುಂತಾದ ಕಹಿಯೇ. ಹಲವರು ಅಲ್ಲಿಗೇ ಹೆದರಿ ಹಗ್ಗವನ್ನು ಬಿಟ್ಟುಬಿಡುತ್ತಾರೆ. ಆ ಕಹಿಯನ್ನು ಕೇಳಿ ಬೆದರದೆ, ಬಯ್ಯದೆ, ಮೂದಲಿಸದೆ ಜತೆಯಲ್ಲಿ ನಿಲ್ಲುವವರು ಬೇಕು. ಮನೋವೈದ್ಯನ ಕೆಲಸ ಅದು. ಒಳ್ಳೆಯ ಗೆಳೆಯನ ಕೆಲಸವೂ ಅದೇ.

ಈ ಗ್ರಂಥವು ಕನ್ನಡದಲ್ಲಿ ಹುಟ್ಟಿತೆಂಬುದರ ಬೆಲೆ ಜೀಡಿಮೆಟ್ಲಾದಲ್ಲಿರುವ ನಮಗೆ ಚೆನ್ನಾಗಿ ತಿಳಿಯುತ್ತದೆ. ಇಲ್ಲಿಯ ಕಾರ್ಖಾನೆಗಳನ್ನು ನಂಬಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳ ಕಡೆಯಿಂದ ಬಂದ ಮನೆಗಳು ನಮ್ಮವು. ದುಡಿಯುವೆಡೆಯಲ್ಲಿ ಹಿಂದಿ, ಬೀದಿಯಲ್ಲಿ ತೆಲುಗು, ಒಲೆಯ ಮುಂದೆ ಕನ್ನಡ. ಕಾಲು ನೊಂದರೆ ಬೆರಳಿಟ್ಟು ತೋರಿಸಬಹುದು. ವೈದ್ಯರಿಗೆ ಭಾಷೆ ಬೇಕಾಗಿಲ್ಲ. ಮನಸ್ಸು ನೊಂದರೆ ಬೆರಳಿಡುವುದೆಲ್ಲಿ? ಅಲ್ಲಿ ಮಾತೊಂದೇ ಬೆರಳು. ಜೀವ ಹಿಂಡಿದಂತಾಗುತ್ತದೆ, ಎದೆಯ ಮೇಲೆ ಕಲ್ಲಿಟ್ಟಂತಿದೆ, ಎಲ್ಲ ಬಿಕೋ ಎನ್ನುತ್ತಿದೆ ಎಂಬ ಮಾತುಗಳು ಅವ್ವನ ಭಾಷೆಯಲ್ಲಿಯೇ ಮೊದಲು ಬರುತ್ತವೆ. ಮಾತು ಸಿಕ್ಕಿದ ನೋವು ಅಷ್ಟರಮಟ್ಟಿಗೆ ಹಿಡಿತಕ್ಕೆ ಬಂದ ನೋವು.

ಹಾಗೆಂದು ನಗುವೂ ಆತ್ಮಪರೀಕ್ಷೆಯೂ ಎಲ್ಲ ರೋಗಕ್ಕೂ ಮದ್ದೆಂದು ಯಾರೂ ಭಾವಿಸಬಾರದು. ಖಿನ್ನತೆಯು ಕಾಯಿಲೆ, ಜ್ವರ ಬಂದವನಿಗೆ ನಾಚಿಕೆಯಿಲ್ಲದಿರುವಂತೆ ಖಿನ್ನತೆ ಬಂದವನಿಗೂ ನಾಚಿಕೆ ಬೇಕಾಗಿಲ್ಲ. ಶಿವರಾಂ ಅವರ ಬೆಂಗಳೂರಿನಲ್ಲಿಯೇ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪನೆಗೊಂಡಿತು. ೧೯೭೪ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯ ಮಾರ್ಗದರ್ಶನದಲ್ಲಿ ೨೦೨೨ರಿಂದ ಸರ್ಕಾರದ ‘ಟೆಲಿ ಮಾನಸ್’ ಸೇವೆ ನಡೆಯುತ್ತಿದೆ. ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳು ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಮನಸ್ಸಿನ ಕಷ್ಟವನ್ನು ಹೇಳಿಕೊಳ್ಳಬಹುದು, ಕನ್ನಡದಲ್ಲಿಯೂ ಹೇಳಬಹುದು. ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಈ ಸಂಖ್ಯೆಯನ್ನು ಪ್ರತಿಯೊಂದು ಮನೆಯವರೂ ನೆನಪಿನಲ್ಲಿಡಬೇಕು.

ಶಿವರಾಂ ಅವರು ೧೯೮೪ರಲ್ಲಿ ದಿವಂಗತರಾದರು. ಅದಕ್ಕೆ ಮುಂಚೆ, ೧೯೮೩ರಲ್ಲಿ, ಕೊರವಂಜಿಯ ಪರಂಪರೆಯನ್ನು ಮುಂದುವರಿಸಲು ‘ಅಪರಂಜಿ’ ಎಂಬ ಹಾಸ್ಯಪತ್ರಿಕೆ ಹುಟ್ಟಿತ್ತು. ಕನ್ನಡದಲ್ಲಿ ರಾಶಿಯೆಂದರೆ ಕಣದಲ್ಲಿ ತೂರಿ ಹಸನುಮಾಡಿದ ಕಾಳಿನ ಗುಡ್ಡೆ. ಗಾಳಿಗೆ ಹೊಟ್ಟು ಹಾರಿಹೋಗುತ್ತದೆ, ಕಾಳು ಉಳಿಯುತ್ತದೆ. ಬಾಲಕ ಬಾಲಕಿಯರೇ, ದಿನದ ಕೊನೆಯಲ್ಲಿ ಅರೆಗಳಿಗೆ ಸುಮ್ಮನೆ ಕುಳಿತು, ಇಂದು ನನಗೆ ಸಿಟ್ಟು ಬಂದುದೇಕೆ, ಭಯವಾದುದೇಕೆ ಎಂದು ನಿಮ್ಮನ್ನು ನೀವು ಕೇಳಿಕೊಳ್ಳಿರಿ. ನಗುವಂತಹದಿದ್ದರೆ ನಗಿರಿ, ಹೇಳುವಂತಹದಿದ್ದರೆ ಮನೆಯಲ್ಲಿಯೋ ಶಾಲೆಯಲ್ಲಿಯೋ ನಂಬಿದವರೊಡನೆ ಹೇಳಿರಿ. ಹೊಟ್ಟು ಹಾರಲಿ, ಕಾಳು ಉಳಿಯಲಿ.