ನಾಡಿಮಿಡಿತ ಅರಿತ ಇಬ್ನು ಸೀನಾ

ಗೋಳಗುಮ್ಮಟದ ಮೆಟ್ಟಿಲು ಹತ್ತಿದ ವಿದ್ಯಾರ್ಥಿಯ ಎದೆ ಡವಡವ ಬಡಿಯುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಸುಮ್ಮನೆ ಕುಳಿತಾಗಲೂ ಹಾಗೆಯೇ. ಶ್ರಮದಿಂದಷ್ಟೇ ಅಲ್ಲ, ಮನಸ್ಸಿನ ಕಳವಳದಿಂದಲೂ ನಾಡಿ ಬದಲಾಗುವುದನ್ನು ಸಾವಿರ ವರ್ಷಗಳ ಹಿಂದೆ ವಿವರವಾಗಿ ಬರೆದಿಟ್ಟವರಲ್ಲಿ ಹಕೀಮ್ ಇಬ್ನು ಸೀನಾ ಪ್ರಮುಖರು.

ಕ್ರಿ.ಶ. 980ರಲ್ಲಿ ಬುಖಾರಾ ಬಳಿಯ ಅಫ್ಶಾನಾದಲ್ಲಿ ಜನಿಸಿದ ಅವರು ಹತ್ತನೇ ವಯಸ್ಸಿಗೆ ಕುರ್‌ಆನ್ ಕಲಿತರು. ಹದಿಹರೆಯದಲ್ಲೇ ಬುಖಾರಾದ ಅರಸ ನೂಹ್ ಬಿನ್ ಮನ್ಸೂರರ ಚಿಕಿತ್ಸೆಯಲ್ಲಿ ಪಾಲ್ಗೊಂಡು, ಅರಮನೆಯ ಗ್ರಂಥಾಲಯದಲ್ಲಿ ಓದುವ ಅವಕಾಶ ಪಡೆದರು. ಮುಂದೆ ಅವರು ಬರೆದ ಐದು ಭಾಗಗಳ 'ಅಲ್ ಖಾನೂನ್' ಇಂದಿಗೂ ಯುನಾನಿ ವೈದ್ಯರಿಗೆ ಆಧಾರಗ್ರಂಥ. ವಯಸ್ಸು, ಊಟ, ನಿದ್ರೆ, ವ್ಯಾಯಾಮ, ಸ್ನಾನ, ಕೋಪ, ಭಯ ಇವು ನಾಡಿಯನ್ನು ಹೇಗೆ ಬದಲಿಸುತ್ತವೆಂದು ಅದರಲ್ಲಿದೆ. ಪ್ರೇಮದ ಕೊರಗಿನಲ್ಲಿ ಸೊರಗಿದವರ ನಾಡಿ ಹಿಡಿದು, ಒಂದೊಂದೇ ಹೆಸರು ಹೇಳುತ್ತ, ಯಾವ ಹೆಸರಿಗೆ ಮಿಡಿತ ಬದಲಾಗುತ್ತದೆಂದು ಗಮನಿಸುವ ವಿಧಾನವೂ ಇದೆ.

ಆದರೆ ಹಗಲು ರಾಜಕಾರ್ಯ, ರಾತ್ರಿ ಬರವಣಿಗೆ ಎಂದು ತಮ್ಮ ದೇಹಕ್ಕೆ ಅವರು ವಿಶ್ರಾಂತಿ ಕೊಡಲಿಲ್ಲ. ಹೊಟ್ಟೆಶೂಲೆಯಲ್ಲೂ ಪ್ರಯಾಣ ಮಾಡಿ, 1037ರಲ್ಲಿ ಹಮದಾನಿನಲ್ಲಿ ನಿಧನರಾದರು.

ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಸಲ ಮಿಡಿಯುತ್ತದೆ. ವಿಜಯಪುರ, ತಿಕೋಟಾ, ಬಬಲೇಶ್ವರದ ನಮ್ಮ ಮಕ್ಕಳು ಇಬ್ನು ಸೀನಾರ ಜ್ಞಾನದಾಹ ಕಲಿಯಲಿ. ಅವರು ಕಡೆಗಣಿಸಿದ ವಿಶ್ರಾಂತಿಯನ್ನು ಮರೆಯದಿರಲಿ.