ನೆಲವನ್ನು ಆಕರವಾಗಿಸಿದ ಅನ್ವೇಷಕ: ರಾಬರ್ಟ್ ಬ್ರೂಸ್ ಫೂಟ್

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಚರಿತ್ರೆಯನ್ನು ಕಲ್ಯಾಣದ ಚಾಲುಕ್ಯರಿಂದ ಅಥವಾ ಹನ್ನೆರಡನೆಯ ಶತಮಾನದ ಶರಣರಿಂದ ಆರಂಭಿಸುವುದು ವಾಡಿಕೆ. ಶಾಸನ, ವಚನಗಳಿಗಿಂತ ಹಿಂದಿನ ಮನುಷ್ಯನನ್ನು ಅರಿಯಲು ನೆಲವನ್ನೇ ಆಕರವಾಗಿ ಓದಬೇಕೆಂಬುದನ್ನು ದಕ್ಷಿಣ ಭಾರತಕ್ಕೆ ತೋರಿಸಿಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದರು. ಮರುವರ್ಷವೇ ಯುರೋಪಿನ ವಿದ್ವಾಂಸರು, ಅಳಿದ ಪ್ರಾಣಿಗಳ ಮೂಳೆಗಳೊಂದಿಗೆ ದೊರೆತ ಕೆತ್ತಿದ ಕಲ್ಲುಗಳು ಮನುಷ್ಯನ ಕೈಕೆಲಸವೆಂದು ಒಪ್ಪಿಕೊಂಡರು. ಈ ಚರ್ಚೆಯನ್ನು ಬಲ್ಲ ಫೂಟ್, 1863ರ ಮೇ 30ರಂದು ಮದ್ರಾಸ್ ಕರಾವಳಿಗೆ ಸಮೀಪದ ಪಲ್ಲಾವರಂನ ಜಂಬಿಟ್ಟಿಗೆ ಗರಸಿನಲ್ಲಿ ಹಳೆಯ ಶಿಲಾಯುಗದ ಆಯುಧವೊಂದನ್ನು ಗುರುತಿಸಿದರು. ಅದೇ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಂಗ್ ಜೊತೆಗೂಡಿ ಅತ್ತಿರಂಪಾಕ್ಕಂ ನೆಲೆಯನ್ನು ಶೋಧಿಸಿದರು. ಅಲ್ಲಿಯ ಆಯುಧಗಳ ಪ್ರಾಚೀನತೆ ಸುಮಾರು 15 ಲಕ್ಷ ವರ್ಷಗಳೆಂದು 2011ರಲ್ಲಿ ಪ್ರಕಟವಾದ ಕಾಲನಿರ್ಣಯ ತೋರಿಸಿತು. ಮುಂದೆ ತಿರುನೆಲ್ವೇಲಿ ಕರಾವಳಿಯ ಕೆಂಪು ಮರಳುದಿಬ್ಬಗಳಲ್ಲಿಯೂ ಅವರು ಕಲ್ಲಿನ ಚಕ್ಕೆಗಳನ್ನು ಸಂಗ್ರಹಿಸಿದರು.

ಕನ್ನಡ ನಾಡಿನಲ್ಲಿ ಅವರ ಸಂಚಾರ ಮಲಪ್ರಭಾ ಕಣಿವೆ, ಬಳ್ಳಾರಿ, ಲಿಂಗಸುಗೂರು ಪ್ರದೇಶಗಳನ್ನು ವ್ಯಾಪಿಸಿತ್ತು. ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬರುವ ಮುನ್ನವೇ ಅವರು ಮಸ್ಕಿಯ ಪ್ರಾಚೀನ ಅವಶೇಷಗಳನ್ನು ಗಮನಿಸಿದ್ದರು. ಕಪ್ಪಗಲ್ಲು ಬೆಟ್ಟದಲ್ಲಿ ನವಶಿಲಾಯುಗದ ಕೊಡಲಿ ತಯಾರಿಕೆಯ ನೆಲೆಯನ್ನು ವಿವರಿಸಿದರು. ಜನಪದ ಕಲ್ಪನೆ ವಾಲಿಯ ಚಿತೆಯೆಂದು ಕಂಡಿದ್ದ ನಿಂಬಾಪುರದ ದಿಬ್ಬವೂ ಸೇರಿದಂತೆ ಈ ಭಾಗದ ಬೂದಿದಿಬ್ಬಗಳು ಪಶುಪಾಲಕರು ಸುಟ್ಟ ಸಗಣಿಯ ರಾಶಿಗಳೆಂಬ ಅವರ ವಿವರಣೆಯನ್ನು 1950ರ ದಶಕದ ಉತ್ಖನನ ಸಮರ್ಥಿಸಿತು.

1891ರಲ್ಲಿ ನಿವೃತ್ತರಾದ ಫೂಟ್, 1894ರಲ್ಲಿ ಸ್ಥಾಪನೆಯಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಹೊಣೆ ಹೊತ್ತರು. ಅವರ ಸಂಗ್ರಹ 1904ರಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯವನ್ನು ಸೇರಿತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ನಿಧನರಾದರು. ಸಂಗ್ರಹದ ಸೂಚಿ 1914ರಲ್ಲಿ, ಅದರ ವಿವರಣೆ 1916ರಲ್ಲಿ ಪ್ರಕಟವಾದವು.

ಹಳೆಯ ಮತ್ತು ಹೊಸ ಶಿಲಾಯುಗಗಳ ನಡುವೆ ಮನುಷ್ಯ ವಾಸವಿಲ್ಲದ ದೀರ್ಘ ಅಂತರವಿತ್ತೆಂಬ ಅವರ ನಿಲುವು ನಂತರದ ಶೋಧಗಳ ಮುಂದೆ ನಿಲ್ಲಲಿಲ್ಲ. ಆದರೆ ಪ್ರತಿಯೊಂದು ಕಲ್ಲಿನೊಂದಿಗೆ ಅದು ದೊರೆತ ಊರನ್ನೂ ದಾಖಲಿಸಿದ್ದರಿಂದ, ಆ ನಿಲುವನ್ನು ತಿದ್ದಿದವರೂ ಅವರ ನೆಲೆಗಳಿಗೇ ಮರಳಿದರು. ನೆಲೆಯ ದಾಖಲೆಯಿಲ್ಲದ ಆಯುಧ ಬರಿಯ ಕಲ್ಲು. ಹುಮನಾಬಾದ್ ಸೀಮೆಯಲ್ಲಿಯೂ ಜಂಬಿಟ್ಟಿಗೆಯ ನೆಲವಿದೆ. ಕಲ್ಯಾಣದ ಪೂರ್ವಚರಿತ್ರೆಯನ್ನು ಬರೆಯಬಯಸುವವರಿಗೆ ಫೂಟ್ ಉಳಿಸಿಹೋದ ಪಾಠ ಈ ಕ್ರಮವೇ ಆಗಿದೆ.