ಗಣಿತಾಚಾರ್ಯ ಮಹಾವೀರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆ (ಕ್ರಿ.ಶ. 814–878) ನಮಗೆ ‘ಕವಿರಾಜಮಾರ್ಗ’ದ ಕಾಲವೆಂದೇ ಪರಿಚಿತ. ಅದೇ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ತಾಯಿತಂದೆಯರ, ಹುಟ್ಟೂರಿನ ಹೆಸರನ್ನು ಆತನು ಅದರಲ್ಲಿ ಬರೆದಿಡಲಿಲ್ಲ. ಜಿನನನ್ನು ವಂದಿಸಿ, ದೊರೆಯನ್ನು ಕೊಂಡಾಡಿ, ಗಣಿತದ ಉಪಯುಕ್ತತೆಯನ್ನು ವಿವರಿಸಿ ಶಾಸ್ತ್ರಕ್ಕೆ ತೊಡಗಿದನು. ಆತನ ಬಾಳನ್ನು ಆತನ ಲೆಕ್ಕಗಳಲ್ಲಿಯೇ ಅರಸಬೇಕಾಗಿದೆ.

ಆರ್ಯಭಟ, ಬ್ರಹ್ಮಗುಪ್ತರ ಕೃತಿಗಳಲ್ಲಿ ಗಣಿತವು ಜ್ಯೋತಿಷಶಾಸ್ತ್ರದ ಒಂದು ಭಾಗವಾಗಿತ್ತು. ಮಹಾವೀರನು 1100ಕ್ಕೂ ಹೆಚ್ಚು ಶ್ಲೋಕಗಳನ್ನು ಗಣಿತಕ್ಕಾಗಿಯೇ ಮೀಸಲಿರಿಸಿದನು. ಅವುಗಳಲ್ಲಿ ‘ಪ್ರಕೀರ್ಣಕ’ವೆಂಬ ವಿಭಾಗವು ವರ್ಗಮೂಲವಿರುವ ಸಮೀಕರಣಗಳಿಗಾಗಿ ಪ್ರಸಿದ್ಧವಾಗಿದೆ. ಒಂಟೆಗಳ ಹಿಂಡೊಂದರ ಕಾಲುಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಗಿವೆ. 15 ಒಂಟೆಗಳು ಹೊಳೆಯ ದಡದಲ್ಲಿವೆ. ಹಿಂಡು ಎಷ್ಟು ದೊಡ್ಡದು?

ಕಾಲುಭಾಗವನ್ನು ಕಳೆದರೆ ಉಳಿಯುವುದು ಮುಕ್ಕಾಲು. ವರ್ಗಮೂಲದ ಗುಣಕವಾದ 2ನ್ನೂ, ಕಾಣುವ ರಾಶಿಯಾದ 15ನ್ನೂ ಈ ಮುಕ್ಕಾಲಿನಿಂದ ಭಾಗಿಸಿದರೆ ಕ್ರಮವಾಗಿ 8/3 ಮತ್ತು 20 ದೊರೆಯುತ್ತವೆ. 8/3ರ ಅರ್ಧವಾದ 4/3ರ ವರ್ಗವನ್ನು 20ಕ್ಕೆ ಕೂಡಿಸಿದರೆ 196/9. ಅದರ ವರ್ಗಮೂಲ 14/3. ಇದಕ್ಕೆ 4/3ನ್ನು ಸೇರಿಸಿದರೆ 6. ಅದರ ವರ್ಗ 36. ತಾಳೆ ನೋಡಿದರೆ 9, 12, 15 ಸೇರಿ 36 ಆಗುತ್ತದೆ. 4/3ರಿಂದ 14/3ನ್ನು ಕಳೆದರೆ ಬರುವ ಋಣರಾಶಿಯು ಒಂಟೆಗಳ ಎಣಿಕೆಗೆ ಸಲ್ಲದು. ಆದುದರಿಂದ ಸೂತ್ರವು ಕೂಡುವಿಕೆಯನ್ನು ಮಾತ್ರ ವಿಧಿಸುತ್ತದೆ.

ವರ್ಗಮೂಲದ ಎಲ್ಲೆಯನ್ನೂ ಆತನು ಅರಿತಿದ್ದನು. ಋಣರಾಶಿಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನಿರೂಪಿಸಿದನು. ಹಲವು ಶತಮಾನಗಳ ಬಳಿಕ ಯುರೋಪಿನ ಗಣಿತಜ್ಞರು ಊಹಾಸಂಖ್ಯೆಗಳನ್ನು ಕಲ್ಪಿಸಿಕೊಂಡುದು ಈ ಎಲ್ಲೆಯಿಂದಾಚೆಗೆ. ಆದರೆ ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆಯು ಬದಲಾಗದೆಂಬ ಆತನ ಅಭಿಪ್ರಾಯ ತಪ್ಪಾಗಿತ್ತು. ಗೌರವದ ಭರದಲ್ಲಿ ಇದನ್ನು ಮರೆಮಾಚುವುದು ಇತಿಹಾಸಕ್ಕೆ ಬಗೆದ ಅಪಚಾರವಾದೀತು.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಕೃತಿಯನ್ನು ತೆಲುಗಿಗೆ ತಂದನು. ಮದರಾಸಿನ ಪ್ರೊ. ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕನ್ನಡ ಲಿಪಿಯ ಹಸ್ತಪ್ರತಿಗಳೂ ಅದಕ್ಕೆ ಆಧಾರವಾದವು. ಕನ್ನಡ ಅನುವಾದದೊಡನೆ ಕೃತಿಯು ಹೊಂಬುಜ ಜೈನ ಮಠದಿಂದ ಅಚ್ಚಾದುದು 2000ದಲ್ಲಿ. ರಚನೆಯಾಗಿ ಸುಮಾರು 1150 ವರ್ಷಗಳಾಗಿದ್ದವು. ‘ಕವಿರಾಜಮಾರ್ಗ’ವನ್ನು ಪಠ್ಯವಾಗಿ ಓದುವ ನಮ್ಮ ವಿದ್ಯಾರ್ಥಿಗಳು ಅದೇ ದೊರೆಯ ಕಾಲದ ಈ ಗ್ರಂಥವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಆಗ ಮಾತ್ರ ಆ ಯುಗದ ವಿದ್ವತ್ತಿನ ಹರವು ನಮಗೆ ಮನವರಿಕೆಯಾದೀತು.